ಚರ್ಚಿಗೆ ಬರೋದು ಬಿಟ್ಟವರ ಮನೆಗೆ ಹೋಗೋದು ಹೇಗೆ: ವಾರ್ಡ್ ಕೆಲಸ ಮಾಡೋರಿಗೆ ಒಂದು ಪೂರ್ತಿ ಮಾರ್ಗದರ್ಶಿ

ನಮ್ಮ ಕಥೋಲಿಕ ಚರ್ಚಲ್ಲಿ ಅಕ್ಕಪಕ್ಕದ ಮನೆಗಳ ಒಂದೊಂದು ಗುಂಪಿಗೆ ವಾರ್ಡ್ ಅಂತೀವಿ. ಅಂಥ ಒಂದು ವಾರ್ಡಿನ ಕೆಲಸ ಹೊಸದಾಗಿ ವಹಿಸ್ಕೊಂಡಾಗ ನಾನು ಹೋದ ಮೊದಲ ಮನೆಯಲ್ಲೇ ತಪ್ಪು ಮಾಡ್ದೆ. ಹೊನ್ನಾವರದ ಈಚೆ ಹೊಳೆ ಬದಿಯ ಮನೆ, ಆ ಮನೆಯ ಬಾಯಿ (ಹೆಂಗಸರನ್ನ ನಾವು ಹೀಗೆ ಕರೆಯೋದು) ಹಿತ್ಲಲ್ಲಿ ಮೆಟ್ಟುಕತ್ತಿ ಮುಂದೆ ಕೂತು ಬಂಗಡೆ ಕೊಯ್ತಾ ಇದ್ರು, ನಾನು ನಿಂತಲ್ಲೇ "ಏನ್ ಬಾಯಿ, ಎರಡು ವರ್ಷ ಆಯ್ತು, ಪೂಜೆಗೆ ಕಾಣೋದೇ ಇಲ್ವಲ್ಲ" ಅಂದೆ. ಅವರು ತಲೆ ಎತ್ಲಿಲ್ಲ. ಕೈಯಲ್ಲಿದ್ದ ಮೀನಿನ ಹೊಟ್ಟೆ ಸೀಳಿ, ಕರುಳು ತೆಗೆದು ಬೆಕ್ಕಿಗೆ ಹಾಕಿ, ಇನ್ನೊಂದು ಮೀನು ತಗೊಂಡ್ರು, ಅದಾದ್ಮೇಲೆ ಇನ್ನೊಂದು. ಮೀನೆಲ್ಲ ಮುಗಿಯೋ ತನಕ ಒಂದು ಮಾತಿಲ್ಲ. ಕೊನೆಗೆ ಕೈ ತೊಳ್ಕೊಂಡು "ನಮ್ಮನೆಯವರು ತೀರ್ಕೊಂಡೂ ಎರಡು ವರ್ಷ ಆಯ್ತು, ನೀವು ಇವತ್ತು ಬಂದ್ರಾ" ಅಂತ ಹೇಳಿ ಒಳಗೆ ಹೋದ್ರು.

ಅವತ್ತಿಂದ ಇವತ್ತಿನವರೆಗೆ ಎಷ್ಟೋ ಮನೆ ಮೆಟ್ಟಿಲು ಹತ್ತಿದ್ದೀನಿ, ಬೇರೆ ವಾರ್ಡಿನವರ ಜೊತೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಅನ್ನೋ ಪ್ರೊಟೆಸ್ಟೆಂಟ್ ಚರ್ಚ್) ಸಭೆಯ ಗೆಳತಿಯರ ಜೊತೆ ಕೂತು ಮಾತಾಡಿದ್ದೀನಿ. ಅದರಿಂದ ನನಗೆ ತಿಳಿದಿದ್ದು ಏನಂದ್ರೆ, ದೇವರಿಲ್ಲ ಅಂತ ಯೋಚನೆ ಮಾಡಿ ಚರ್ಚ್ ಬಿಟ್ಟವರು ಬಹಳ ಕಡಿಮೆ, ಬಹಳ ಜನ ಯಾವುದೋ ಒಂದು ದಿನ ನೋವಾಗಿ ಅಥವಾ ಕಷ್ಟ ಬಂದು ಒಂದು ಭಾನುವಾರ ತಪ್ಪಿಸ್ತಾರೆ, ಯಾರೂ ಕೇಳಲ್ಲ, ಮುಂದಿನ ಭಾನುವಾರವೂ ಕೇಳಲ್ಲ, ಆಮೇಲೆ ಹೋಗೋಕೆ ಮುಖ ಇಲ್ಲ ಅನ್ಸುತ್ತೆ. ಹಾಗಾಗಿ ಈ ಕೆಲಸದಲ್ಲಿ ಅರ್ಧ ಪಾಲು ಬೇಗ ಹೋಗೋದು, ಇನ್ನರ್ಧ ಪಾಲು ಹೋದಾಗ ಲೆಕ್ಕ ಕೇಳದೆ ಇರೋದು.

ಯಾರು ಕಾಣ್ತಿಲ್ಲ ಅಂತ ಮೊದಲು ಗೊತ್ತಾಗ್ಬೇಕು

ಇದನ್ನ ಫಾದರ್ ಒಬ್ಬರ ತಲೆ ಮೇಲೆ ಹಾಕ್ಬೇಡಿ. 1976ರಲ್ಲಿ ಬೆಳಗಾವಿಯಿಂದ ಬೇರೆ ಆದ ಕಾರವಾರ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ವ್ಯಾಪ್ತಿ) ಅಂದ್ರೆ ಇಡೀ ಉತ್ತರ ಕನ್ನಡ ಜಿಲ್ಲೆ, ಭಟ್ಕಳದ ಕಡಲಿಂದ ಹಳಿಯಾಳದ ಸಿದ್ದಿ ಕೇರಿಗಳ ತನಕ. ಘಟ್ಟದ ಮೇಲೆ ಒಂದೊಂದು ಧರ್ಮಕೇಂದ್ರಕ್ಕೆ, ಅಂದ್ರೆ ಒಂದೊಂದು ಚರ್ಚಿಗೆ, ಎಷ್ಟೋ ಹಳ್ಳಿ ಸೇರಿರುತ್ತೆ, ಮಳೆಗಾಲದಲ್ಲಿ ಕೆಲವು ಮನೆಗೆ ರಸ್ತೆನೂ ಸರಿ ಇರಲ್ಲ. ಚರ್ಚಿನ ಕಾನೂನಿನ 529ನೇ ಕ್ಯಾನನ್ (ಕಲಮು) ಧರ್ಮಗುರು ಮನೆ ಮನೆಗೆ ಹೋಗ್ಬೇಕು, ಜನರ ಚಿಂತೆ ದುಃಖದಲ್ಲಿ ಪಾಲು ತಗೋಬೇಕು, ಒಂಟಿಯಾದವರನ್ನ ಬಡವರನ್ನ ವಿಶೇಷವಾಗಿ ನೋಡ್ಕೋಬೇಕು ಅಂತ ಹೇಳುತ್ತೆ ನಿಜ, ಆದ್ರೆ ಅವರಿಗೆ ಯಾವ ಮನೆ ಅಂತ ಹೇಳೋರು ವಾರ್ಡಿನವರೇ ಆಗ್ಬೇಕಲ್ವಾ.

ಒಂದು ನೋಟ್‌ಬುಕ್ ಇಟ್ಕೊಳ್ಳಿ. ವಾರ್ಡಿನ ಮನೆಗಳನ್ನ ಬರೆದು, ಪ್ರತಿ ಭಾನುವಾರ ಮನೆಗೆ ಬಂದ್ಮೇಲೆ ಕಣ್ಣು ಮುಚ್ಚಿ ಬೆಂಚುಗಳನ್ನ ನೆನಪು ಮಾಡ್ಕೊಳ್ಳಿ, ಯಾರ ಜಾಗ ಖಾಲಿ ಇತ್ತು ಅಂತ. ಚರ್ಚಲ್ಲಿ ನಿಂತು ಹಾಜರಿ ಹಾಕ್ಬೇಡಿ, ಜನಕ್ಕೆ ಅದು ಗೊತ್ತಾಗುತ್ತೆ, ಗೊತ್ತಾದ್ರೆ ಬೇಜಾರಾಗ್ತಾರೆ. ನಾನು ಇಟ್ಕೊಂಡಿರೋ ಲೆಕ್ಕ ಇಷ್ಟೆ: ಎರಡು ವಾರ ಕಾಣದಿದ್ರೆ ಒಂದು ಫೋನ್, "ಹುಷಾರಾಗಿದ್ದೀರಾ" ಅಂತ ಅಷ್ಟೇ ಕೇಳೋಕೆ, ನಾಲ್ಕು ವಾರ ಆದ್ರೆ ಮನೆಗೆ ಹೋಗೋದು. ನೋಟ್‌ಬುಕ್ಕಲ್ಲಿ ದಿನಾಂಕ ಮಾತ್ರ ಬರೀರಿ, ಮನೆಯ ಗುಟ್ಟು ಬರೀಬೇಡಿ. ಆ ನೋಟ್‌ಬುಕ್ ಯಾರ ಕೈಗಾದ್ರೂ ಸಿಗ್ಬಹುದು.

ಇನ್ನೊಂದು ವಿಷಯ, ಮಕ್ಕಳು ಕ್ಯಾಟಿಕಿಸಂ (ಧರ್ಮಪಾಠದ) ಕ್ಲಾಸಿಗೆ ಬರೋದು ನಿಂತ್ರೆ ಅದು ಎಲ್ಲಕ್ಕಿಂತ ಮೊದಲ ಸೂಚನೆ. ಟೀಚರ್ ಹತ್ರ ತಿಂಗಳಿಗೊಮ್ಮೆ ಕೇಳಿ.

ಎಲ್ಲರೂ ಒಂದೇ ಥರ ದೂರ ಆಗಿರಲ್ಲ

ಲೂಕನ ಸುವಾರ್ತೆಯ 15ನೇ ಅಧ್ಯಾಯ ಎಲ್ಲರಿಗೂ ಬಾಯಿಪಾಠ. ಅದರಲ್ಲಿ ಮೂರು ಕಥೆ ಇದೆ, ಮೂರರಲ್ಲೂ ಕಳೆದುಹೋಗೋ ರೀತಿ ಬೇರೆ, ಹುಡುಕೋ ರೀತಿನೂ ಬೇರೆ. ಕುರಿ ಮೇಯ್ತಾ ಮೇಯ್ತಾ ಗೊತ್ತಿಲ್ಲದೆ ದೂರ ಹೋಯ್ತು, ಕುರುಬ ತಾನೇ ಹೋಗಿ ಹೆಗಲ ಮೇಲೆ ಹೊತ್ಕೊಂಡು ಬಂದ. ನಾಣ್ಯ ಮನೆಯೊಳಗೇ ಬಿದ್ದಿತ್ತು, ಆ ಹೆಂಗಸು ದೀಪ ಹಚ್ಚಿ ಕಸ ಗುಡಿಸಿ ಹುಡುಕಿದ್ಳು. ಮಗ ಗೊತ್ತಿದ್ದೇ ಪಾಲು ತಗೊಂಡು ಹೋದ, ಅಪ್ಪ ಬೆನ್ನಟ್ಟಿ ಹೋಗ್ಲಿಲ್ಲ, ಆದ್ರೆ ಅವನು ಇನ್ನೂ ದೂರದಲ್ಲಿ ಇರೋವಾಗ್ಲೇ ಕಂಡು ಓಡಿ ಹೋದ. ಅಂದ್ರೆ ದಾರಿ ನೋಡ್ತಾನೇ ಇದ್ದ ಅಂತ ತಾನೇ.

ನಮ್ಮಲ್ಲಿ ಕುರಿ ಥರದವರು ಅಂದ್ರೆ ಕೈಗಾದಲ್ಲಿ ಶಿಫ್ಟ್ ಡ್ಯೂಟಿ ಮಾಡೋರು, ಗೋವಾದ ಹೋಟೆಲಲ್ಲಿ ಕೆಲಸಕ್ಕೆ ಇರೋ ಹುಡುಗರು, ಬೋಟಿಗೆ ಹೋಗೋರು, ಭಾನುವಾರನೇ ಅಂಗಡಿ ಜೋರು ಇರೋರು. ಇವರಿಗೆ ಉಪದೇಶ ಬೇಡ, ಟೈಮ್ ಬೇಕು. ಶನಿವಾರ ಸಂಜೆ ಪೂಜೆ ಇದೆ, ಅದು ಭಾನುವಾರದ ಬದಲಿಗೆ ನಡೆಯುತ್ತೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, 1248ನೇ ಕ್ಯಾನನ್ನಲ್ಲಿ ಅದಕ್ಕೆ ಸ್ಪಷ್ಟ ಅವಕಾಶ ಇದೆ. ನಿಮ್ಮ ಊರಲ್ಲಿ ಶನಿವಾರದ ಪೂಜೆ ಇಲ್ಲ ಅಂದ್ರೆ ಫಾದರ್ ಹತ್ರ ಕೇಳಿ.

ನಾಣ್ಯ ಥರದವರು ಮುದುಕರು, ಹಾಸಿಗೆ ಹಿಡಿದವರು, ಮೊಣಕಾಲು ನೋವಿಂದ ಚರ್ಚಿನ ಮೆಟ್ಟಿಲು ಹತ್ತೋಕೆ ಆಗದವರು, ಬುದ್ಧಿಮಾಂದ್ಯ ಮಗುನ ಕರ್ಕೊಂಡು ಬಂದ್ರೆ ಜನ ತಿರುಗಿ ನೋಡ್ತಾರೆ ಅಂತ ಮನೆಯಲ್ಲೇ ಉಳಿದ ತಾಯಿ. ಇವರನ್ನ ಚರ್ಚ್ ಬಿಟ್ಟವರ ಪಟ್ಟಿಗೆ ಹಾಕೋದೇ ಅನ್ಯಾಯ. ಅವರು ಎಲ್ಲೂ ಹೋಗಿಲ್ಲ, ನಾವು ಗುಡಿಸ್ಲಿಲ್ಲ ಅಷ್ಟೆ. ರಿಕ್ಷಾ ವ್ಯವಸ್ಥೆ ಮಾಡಿ, ಬರೋಕೆ ಆಗಲ್ಲ ಅಂದ್ರೆ ಮನೆಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡೋ ಪವಿತ್ರ ರೊಟ್ಟಿ) ತರಿಸಿ, ಬಹಳ ಕಡೆ ತಿಂಗಳ ಮೊದಲ ಶುಕ್ರವಾರ ಫಾದರ್ ಅಥವಾ ಸಿಸ್ಟರ್ ತಂದು ಕೊಡ್ತಾರೆ. ಸಿಎಸ್‌ಐ ಸಭೆಗಳಲ್ಲೂ ಸಭಾಪಾಲಕರು ಮನೆಗೇ ಬಂದು ಕರ್ತನ ಭೋಜನ ಕೊಡ್ತಾರೆ, ಕೇಳ್ಬೇಕು ಅಷ್ಟೆ.

ಮಗನ ಥರದವರು ಜಗಳ ಆಗಿ, ನೋವಾಗಿ, ಅಥವಾ ಯೋಚನೆ ಮಾಡಿಯೇ ಬಿಟ್ಟವರು. ಇವರ ಹತ್ರ ಹೋಗೋದು ಕಷ್ಟದ ಕೆಲಸ, ಕೆಳಗೆ ಬರೆದಿರೋದು ಹೆಚ್ಚಾಗಿ ಇವರ ಬಗ್ಗೆನೇ.

ಹೋಗೋಕೆ ಮುಂಚೆ

ಇಬ್ಬರು ಹೋಗಿ, ಮೂರು ಜನ ಬೇಡ, ಮೂರು ಜನ ಹೋದ್ರೆ ಪಂಚಾಯ್ತಿಕೆಗೆ ಬಂದ ಹಾಗೆ ಕಾಣುತ್ತೆ. ಒಬ್ಬರಾದ್ರೂ ಹೆಂಗಸು ಇರ್ಲಿ. ಆ ಮನೆಯವರ ಜೊತೆ ಜಾಗದ ವ್ಯಾಜ್ಯ ಇರೋರು, ಚರ್ಚಿನ ದುಡ್ಡಿನ ಲೆಕ್ಕ ನೋಡೋರು, ಬಾಯಿ ಬಿಡಿಸಿ ಊರೆಲ್ಲ ಹೇಳೋರು, ಈ ಮೂವರನ್ನ ದಯವಿಟ್ಟು ಕರ್ಕೊಂಡು ಹೋಗ್ಬೇಡಿ. ಫಾದರ್ ಮೊದಲ ಸಲಕ್ಕೆ ಬರೋದು ಬೇಡ ಅಂತ ನನ್ನ ಅಭಿಪ್ರಾಯ, ಬಿಳಿ ನಿಲುವಂಗಿ ಕಂಡ ಕೂಡ್ಲೇ ಮನೆಯವರು ಸೀರೆ ಸರಿ ಮಾಡ್ಕೊಂಡು ಕುರ್ಚಿ ಒರೆಸೋಕೆ ಶುರು ಮಾಡ್ತಾರೆ, ಮನಸ್ಸಿನ ಮಾತು ಹೊರಗೆ ಬರಲ್ಲ.

ಯಾವಾಗ ಹೋಗೋದು ಅನ್ನೋದು ದೊಡ್ಡ ವಿಷಯ. ಮೀನು ಮಾರೋರ ಮನೆಗೆ ಬೆಳಿಗ್ಗೆ ಹೋದ್ರೆ ಯಾರೂ ಇರಲ್ಲ, ಸಂಜೆ ನಾಲ್ಕೂವರೆ ಐದು ಒಳ್ಳೇದು. ಬೋಟಿನವರಿಗೆ ವರ್ಷದಲ್ಲಿ ಒಂದು ಕಾಲ ಇದೆ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ, 61 ದಿನ. ಬೋಟ್ ದಡದಲ್ಲಿ, ಗಂಡಸರು ಜಗಲಿ ಮೇಲೆ ಬಲೆ ರಿಪೇರಿ ಮಾಡ್ತಾ ಕೂತಿರ್ತಾರೆ, ಹೊರಗೆ ಮಳೆ, ಎದ್ದು ಹೋಗೋ ಅರ್ಜೆಂಟ್ ಯಾರಿಗೂ ಇಲ್ಲ. ಎಷ್ಟೋ ವರ್ಷದ ಮೌನ ಆ ಬಲೆಯ ಪಕ್ಕ ಕೂತಾಗ ಮುರಿದಿದ್ದು ನಾನು ನೋಡಿದ್ದೀನಿ. ಆದ್ರೆ ಅದೇ ಕಾಲದಲ್ಲಿ ಅವರ ಕೈಯಲ್ಲಿ ದುಡ್ಡಿರಲ್ಲ, ಹಾಗಾಗಿ ಯಾವ ಚೀಟಿ, ಯಾವ ರಸೀದಿ ಪುಸ್ತಕನೂ ಚೀಲದಲ್ಲಿ ಇರ್ಬಾರದು. ಹಬ್ಬದ ವಂತಿಗೆ ಕೇಳೋಕೆ ಹೋದ ದಿನವನ್ನ ಭೇಟಿ ಅಂತ ಲೆಕ್ಕ ಹಿಡೀಬೇಡಿ.

ಮೊದಲ ಭೇಟಿ

ಕಾಲು ಗಂಟೆ, ಹೆಚ್ಚಂದ್ರೆ ಅರ್ಧ ಗಂಟೆ. ಕೊಟ್ಟ ಚಹಾ ಕುಡೀರಿ, ಬೇಡ ಅನ್ಬೇಡಿ, ಶುಗರ್ ಇದ್ರೆ ಸಕ್ಕರೆ ಬೇಡ ಅನ್ನಿ. "ಯಾಕೆ ಬರ್ತಿಲ್ಲ" ಅನ್ನೋ ಪ್ರಶ್ನೆ ಕೇಳ್ಲೇಬೇಡಿ. ಅದನ್ನ ಕೇಳಿದ್ರೆ ಅವರು ಒಂದು ನೆಪ ಹೇಳ್ಬೇಕಾಗುತ್ತೆ, ನೆಪ ಹೇಳಿದ್ಮೇಲೆ ಅದಕ್ಕೇ ಅಂಟ್ಕೋಬೇಕಾಗುತ್ತೆ, ನಿಜವಾದ ಕಾರಣ ಇನ್ನೂ ಒಳಗೆ ಹೋಗುತ್ತೆ. ಮಕ್ಕಳ ಬಗ್ಗೆ ಕೇಳಿ, ಆರೋಗ್ಯ ಕೇಳಿ, ಗೋಡೆ ಮೇಲಿನ ಫೋಟೊ ಯಾರದು ಅಂತ ಕೇಳಿ. ನಾನು ಸಾಮಾನ್ಯವಾಗಿ ಹೇಳೋದು "ನಿಮ್ಮನ್ನ ನೋಡದೆ ಬಹಳ ದಿನ ಆಯ್ತು, ನೆನಪಾಯ್ತು, ಬಂದೆ" ಅಂತ, ಮತ್ತೆ ಅದು ನಿಜ ಆಗಿರ್ಬೇಕು, ಪಟ್ಟಿ ನೋಡ್ಕೊಂಡು ಹೋಗಿ ನೆನಪಾಯ್ತು ಅಂದ್ರೆ ಜನಕ್ಕೆ ವಾಸನೆ ಬರುತ್ತೆ.

ಪ್ರಾರ್ಥನೆ ಮಾಡೋದಾದ್ರೆ ಕೇಳಿ ಮಾಡಿ. ಮನೆಯಲ್ಲಿ ಬೇರೆ ಧರ್ಮದ ಸೊಸೆ ಅಳಿಯ ಇದ್ರೆ ಇನ್ನೂ ಎಚ್ಚರ, ಅವರಿಗೆ ತಮ್ಮ ಮನೆಯಲ್ಲಿ ಮುಜುಗರ ಆಗ್ಬಾರದು, ಅವರನ್ನ ಮಾತಿಗೆ ಸೇರಿಸ್ಕೊಳ್ಳಿ, ಧರ್ಮದ ವಿಷಯ ಎತ್ಬೇಡಿ. ಫೋಟೊ ತೆಗೆದು ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಹಾಕೋದು ಈಗ ಎಲ್ಲ ಕಡೆ ಶುರುವಾಗಿದೆ, ಇದನ್ನ ನಿಲ್ಲಿಸ್ಲೇಬೇಕು. ನಿಮ್ಮ ಮನೆಯ ಕಷ್ಟ ಇಡೀ ಊರಿನ ಮೊಬೈಲಲ್ಲಿ ಬಂದ್ರೆ ನಿಮಗೆ ಹೇಗಾಗುತ್ತೆ?

ಹೊರಡೋವಾಗ "ಭಾನುವಾರ ಬನ್ನಿ" ಅಂತ ಹೇಳ್ಬೇಕಾ? ನಾನು ಮೊದಲ ಸಲ ಹೇಳಲ್ಲ. "ಮುಂದಿನ ತಿಂಗಳು ನಾನೇ ಬರ್ತೀನಿ" ಅಂತ ಹೇಳ್ತೀನಿ, ಹೇಳಿದ ಮೇಲೆ ಹೋಗ್ತೀನಿ. ಎರಡನೇ ಸಲ ಹೋದಾಗ್ಲೇ ನಿಜವಾದ ಕೆಲಸ ಶುರು, ಯಾಕಂದ್ರೆ ಮೊದಲ ಸಲ ಎಲ್ಲರೂ ಬರ್ತಾರೆ, ಎರಡನೇ ಸಲ ಯಾರೂ ಬರಲ್ಲ ಅಂತ ಅವರಿಗೂ ಗೊತ್ತಿರುತ್ತೆ.

ಬೇಜಾರು ಹೊರಗೆ ಬಂದಾಗ

ಮೂರನೇ ಸಲ ನಾನು ಆ ಹೊಳೆ ಬದಿ ಮನೆಗೆ ಹೋದಾಗ ಬಾಯಿ ಹೇಳಿದ್ರು. ಗಂಡ ಆಸ್ಪತ್ರೆಯಲ್ಲಿದ್ದಾಗ ಚರ್ಚಿನ ವಂತಿಗೆ ಬಾಕಿ ಉಳಿದಿತ್ತು, ಒಂದು ಭಾನುವಾರ ಪೂಜೆ ಮುಗಿದ್ಮೇಲೆ ಬಾಕಿದಾರರ ಹೆಸರು ಮೈಕಲ್ಲಿ ಓದಿದ್ರು, ಅವರ ಗಂಡನ ಹೆಸರೂ ಓದಿದ್ರು. ಅವತ್ತು ಬೆಂಚಲ್ಲಿ ಅವರು ಒಬ್ಬರೇ ಕೂತಿದ್ರು, ಮಗಳು ಆಸ್ಪತ್ರೆಯಲ್ಲಿ ಅಪ್ಪನ ಹತ್ರ. ಹೆಸರು ಓದೋವಾಗ ನಾನೂ ಅಲ್ಲೇ ಇದ್ದೆ, ನನಗೆ ನೆನಪೇ ಇಲ್ಲ.

ಇಂಥ ಮಾತು ಕೇಳಿದಾಗ "ಅವರ ಉದ್ದೇಶ ಹಾಗಿರ್ಲಿಲ್ಲ ಬಾಯಿ" ಅಂತ ಸಮಜಾಯಿಷಿ ಕೊಡೋಕೆ ನಾಲಿಗೆ ತುರಿಸುತ್ತೆ. ಕೊಡ್ಬೇಡಿ. ಪೂರ್ತಿ ಕೇಳಿ, ಆಮೇಲೆ "ಅದು ತಪ್ಪಾಯ್ತು, ನಾವು ಹಾಗೆ ಮಾಡ್ಬಾರದಿತ್ತು" ಅಂತ ಹೇಳಿ. ಯೆಹೆಜ್ಕೇಲನ ಗ್ರಂಥದ 34ನೇ ಅಧ್ಯಾಯದಲ್ಲಿ ದೇವರು ಬೈಯೋದು ಚದುರಿ ಹೋದ ಕುರಿಗಳಿಗಲ್ಲ, ಹುಡುಕದೆ ಕೂತ ಕುರುಬರಿಗೆ. ಅದನ್ನ ನೆನಪಿಟ್ಕೊಂಡ್ರೆ ಕ್ಷಮೆ ಕೇಳೋಕೆ ಗಂಟ್ಲು ಕಟ್ಟಲ್ಲ. ಆಮೇಲೆ ಅವರ ಒಪ್ಪಿಗೆ ಕೇಳಿ ವಿಷಯನ ಪಾಲನಾ ಪರಿಷತ್ತಿಗೆ (ಫಾದರಿಗೆ ಸಲಹೆ ಕೊಡೋ ಚರ್ಚಿನ ಸಮಿತಿಗೆ) ತಗೊಂಡು ಹೋಗಿ, ಹೆಸರು ಹೇಳದೆ ಹೇಳೋಕೆ ಆಗುತ್ತೆ. ಮೈಕಲ್ಲಿ ಬಾಕಿ ಓದೋದನ್ನ ನಮ್ಮಲ್ಲಿ ನಿಲ್ಲಿಸಿದ್ವಿ, ಕೊಡೋಕೆ ಆಗದವರು ಫಾದರ್ ಹತ್ರ ಒಂದು ಮಾತು ಹೇಳಿದ್ರೆ ಸಾಕು ಅಂತ ಆಯ್ತು.

ಭಾಷೆ ವಿಷಯನೂ ಬರುತ್ತೆ. ಕೊಂಕಣಿ ಪೂಜೆ ಕಡಿಮೆ ಆಯ್ತು ಅಂತ ಹಿರಿಯರು ಮುನಿಸ್ಕೊಂಡಿರ್ತಾರೆ, ಕನ್ನಡ ಇಲ್ಲ ಅಂತ ಬಯಲುಸೀಮೆಯಿಂದ ಕೆಲಸಕ್ಕೆ ಬಂದ ಮನೆಯವರು ಹೊರಗಿನವರ ಥರ ಕೂತಿರ್ತಾರೆ, ಪ್ರಾಜೆಕ್ಟಿಗೆ ನೇವಲ್ ಬೇಸಿಗೆ ಬಂದ ತಮಿಳು ಮಲಯಾಳಿ ಕುಟುಂಬಗಳಿಗೆ ಎರಡೂ ಗೊತ್ತಾಗಲ್ಲ. ಇದನ್ನ ಒಂದೇ ದಿನದಲ್ಲಿ ಸರಿ ಮಾಡೋಕೆ ಆಗಲ್ಲ, ಆದ್ರೆ ಒಂದು ವಾಚನ, ಒಂದು ಹಾಡು ಅವರ ಭಾಷೆಯಲ್ಲಿ ಅವರ ಕೈಯಲ್ಲೇ ಓದಿಸಿದ್ರೆ, ಹಾಡಿಸಿದ್ರೆ ಮುಖ ಅರಳುತ್ತೆ.

ಒಂದು ಥರದ ದೂರು ಮಾತ್ರ ಬೇರೆ. ಚರ್ಚಿಗೆ ಸಂಬಂಧಪಟ್ಟ ಯಾರಿಂದಾದ್ರೂ ಮಗುವಿಗೆ ಲೈಂಗಿಕ ತೊಂದರೆ ಆಗಿದೆ ಅಂತ ಗೊತ್ತಾದ್ರೆ ಅಲ್ಲಿ ರಾಜಿ ಮಾತು, ಪ್ರಾರ್ಥನೆ ಮಾಡಿ ಮರೆಯೋಣ ಅನ್ನೋ ಮಾತು ಬರ್ಲೇಬಾರದು. 2012ರ ಪೋಕ್ಸೋ ಕಾಯಿದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸ್ಲೇಬೇಕು, ಮುಚ್ಚಿಟ್ರೆ ಅದೂ ಅಪರಾಧ. ಮಕ್ಕಳ ಸಹಾಯವಾಣಿ 1098. ಆ ಮನೆಯವರನ್ನ ಚರ್ಚಿಗೆ ಕರೆಯೋ ಕೆಲಸ ಆಮೇಲೆ, ಅವರಾಗಿ ಬಯಸಿದ್ರೆ ಮಾತ್ರ.

ಮದ್ವೆ ಕಾರಣಕ್ಕೆ ದೂರ ಆದವರು

ಇದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು ತಿಳುವಳಿಕೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತೀನಿ. ಡೈವೋರ್ಸ್ ಆದವರು ಪರಮಪ್ರಸಾದ ತಗೋಬಾರದು ಅಂತ ಊರಲ್ಲಿ ಒಂದು ಮಾತಿದೆ, ಅದು ಸುಳ್ಳು. ಗಂಡನಿಂದ ಬೇರೆ ಆಗಿ, ಕೋರ್ಟಲ್ಲಿ ಡೈವೋರ್ಸ್ ಆಗಿ, ಮತ್ತೆ ಮದ್ವೆ ಆಗದೆ ಇರೋ ಹೆಂಗಸಿಗೆ ಡೈವೋರ್ಸ್ ಒಂದೇ ಕಾರಣಕ್ಕೆ ಕಥೋಲಿಕ ಚರ್ಚಲ್ಲಿ ಯಾವ ಅಡ್ಡಿನೂ ಇಲ್ಲ. ಈ ಒಂದು ವಾಕ್ಯ ಗೊತ್ತಿಲ್ಲದೆ ವರ್ಷಗಟ್ಲೆ ಹಿಂದಿನ ಬೆಂಚಲ್ಲಿ ಅಳ್ತಾ ಕೂತವರನ್ನ ನಾನು ಕಂಡಿದ್ದೀನಿ, ಹೋಗಿ ಹೇಳಿ.

ರಿಜಿಸ್ಟರ್ ಮದ್ವೆ ಮಾತ್ರ ಆದವರಿಗೆ, ಬೇರೆ ಧರ್ಮದವರನ್ನ ಮದ್ವೆ ಆದವರಿಗೆ ಬಾಗ್ಲು ಮುಚ್ಚಿಲ್ಲ. ಬಿಷಪ್ಪರಿಂದ ವಿನಾಯಿತಿ ತಗೊಂಡು ಮದ್ವೆನ ಚರ್ಚಲ್ಲಿ ಸರಿಪಡಿಸ್ಕೋಬಹುದು, ಅದಕ್ಕೆ ಗಂಡನೋ ಹೆಂಡ್ತಿಯೋ ಧರ್ಮ ಬದಲಾಯಿಸ್ಬೇಕಾಗಿಲ್ಲ. ಕಥೋಲಿಕರಾಗಿರೋರು ತಮ್ಮ ವಿಶ್ವಾಸ ಉಳಿಸ್ಕೊಳ್ತೀನಿ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸೋಕೆ ತನ್ನ ಕೈಲಾದದ್ದು ಮಾಡ್ತೀನಿ ಅಂತ ಮಾತು ಕೊಡ್ಬೇಕು, ಆ ಮಾತು ಕೊಟ್ಟಿದ್ದು ಇನ್ನೊಬ್ಬರಿಗೂ ಗೊತ್ತಿರ್ಬೇಕು, 1125ನೇ ಕ್ಯಾನನ್ ಇದನ್ನೇ ಹೇಳೋದು. ಸಂಗಾತಿ ಚರ್ಚಿಗೆ ಬಂದು ಮತ್ತೆ ವಿಧಿ ಮಾಡೋಕೆ ಒಪ್ಪದಿದ್ರೂ, ಮದ್ವೆಗೆ ಇಬ್ಬರ ಒಪ್ಪಿಗೆ ಈಗಲೂ ಉಳಿದಿದ್ರೆ, 1161ನೇ ಕ್ಯಾನನ್ ಪ್ರಕಾರ ಮತ್ತೆ ವಚನ ಹೇಳಿಸದೆ ಸರಿಪಡಿಸೋ ಕ್ರಮ ಇದೆ. ಡೈವೋರ್ಸ್ ಆಗಿ ಎರಡನೇ ಮದ್ವೆ ಆದವರದ್ದು ಇನ್ನೂ ಕ್ಲಿಷ್ಟ, ಮೊದಲನೇ ಮದ್ವೆಯ ವಿಚಾರಣೆ ಧರ್ಮಪ್ರಾಂತ್ಯದ ನ್ಯಾಯಾಲಯದಲ್ಲಿ ನಡೀಬೇಕಾಗ್ಬಹುದು, ಆದ್ರೆ ಪೋಪ್ ಫ್ರಾನ್ಸಿಸ್ 2015ರಲ್ಲಿ ಆ ದಾರಿನ ಮೊದಲಿಗಿಂತ ಸರಳ ಮಾಡಿದ್ರು, ಇಂಥವರನ್ನ ದೂರ ಇಡದೆ ಜೊತೆ ನಡೀಬೇಕು ಅಂತ 2016ರಲ್ಲಿ ಬರೆದ್ರು. ನಾವು ವಾರ್ಡಿನವರು ಯಾವತ್ತೂ ತೀರ್ಪು ಕೊಡ್ಬಾರದು. "ಆಗುತ್ತೆ" ಅಂತನೂ ಹೇಳ್ಬೇಡಿ, "ಆಗಲ್ಲ" ಅಂತನೂ ಹೇಳ್ಬೇಡಿ, ಫಾದರ್ ಹತ್ರ ಟೈಮ್ ತಗೊಂಡು ಕರ್ಕೊಂಡು ಹೋಗಿ ಹೊರಗೆ ಕಾಯ್ತಾ ಕೂತ್ಕೊಳ್ಳಿ.

ಊರು ಬಿಟ್ಟವರು, ಬೇರೆ ಸಭೆಗೆ ಹೋದವರು

ಗಲ್ಫಿಗೆ ಹೋದ ಹುಡುಗರದ್ದು ಬೇರೆ ಕಥೆ. ಸೌದಿಯಲ್ಲಿ ಚರ್ಚೇ ಇಲ್ಲ, ಅಲ್ಲಿ ಹತ್ತು ವರ್ಷ ಇದ್ದು ಬಂದವರಿಗೆ ಭಾನುವಾರ ಅನ್ನೋದೇ ಮರೆತಿರುತ್ತೆ. ಕುವೈತಲ್ಲಿ ಶುಕ್ರವಾರ ರಜೆ, ಪೂಜೆಗೂ ಜನ ಆವತ್ತೇ ಸೇರೋದು. ಅವರು ರಜೆಗೆ ಬಂದಾಗ ಮೊದಲ ವಾರನೇ ಹೋಗಿ ಮಾತಾಡ್ಸಿ, ಮದ್ವೆ ಮನೆ ತಿರುಗಾಟ ಶುರು ಆದ್ಮೇಲೆ ಸಿಗಲ್ಲ. ಬೆಂಗಳೂರು ಹುಬ್ಳಿಗೆ ಹೋಗೋ ಮಕ್ಕಳಿಗೆ ಹೋಗೋಕೆ ಮುಂಚೆನೇ ಅಲ್ಲಿ ಹತ್ತಿರದ ಚರ್ಚ್ ಯಾವುದು, ಅಲ್ಲಿ ಯಾರಾದ್ರೂ ನಮ್ಮೂರಿನವರು ಇದ್ದಾರಾ ಅಂತ ನೋಡಿ ನಂಬರ್ ಕೊಡಿಸಿ. ಪೇಟೆಯಲ್ಲಿ ಮೊದಲ ಎರಡು ತಿಂಗಳಲ್ಲಿ ಚರ್ಚಿಗೆ ಕಾಲಿಟ್ರೆ ಇಟ್ಟ ಹಾಗೆ.

ಪ್ರಾರ್ಥನಾ ಕೂಟಗಳಿಗೆ, ಬೇರೆ ಸಭೆಗೆ ಹೋದವರ ಜೊತೆ ವಾದ ಮಾಡ್ಬೇಡಿ. ಅಲ್ಲಿ ಯಾರೋ ಅವರ ಹೆಸರು ಹಿಡಿದು ಪ್ರಾರ್ಥನೆ ಮಾಡಿದ್ರು, ನಾವು ಮಾಡಿರ್ಲಿಲ್ಲ, ಬಹಳ ಸಲ ವಿಷಯ ಅಷ್ಟೆ. ಸಿಎಸ್‌ಐ ಗೆಳತಿಯರೂ ಇದನ್ನೇ ಹೇಳ್ತಾರೆ. ಅವರಲ್ಲಿ ಮತ್ತಾಯನ 18ನೇ ಅಧ್ಯಾಯದ ಕ್ರಮ ಇಟ್ಕೊಂಡಿರೋರಿದ್ದಾರೆ, ತಪ್ಪಾದ್ರೆ ಮೊದಲು ಒಬ್ಬರೇ ಹೋಗಿ ಮಾತಾಡೋದು, ಆಮೇಲೆ ಇಬ್ಬರು ಮೂವರು, ಕೊನೆಗೆ ಮಾತ್ರ ಸಭೆ ಮುಂದೆ. ನಮ್ಮಲ್ಲಿ ಬಹಳ ಸಲ ಉಲ್ಟಾ ಆಗುತ್ತೆ, ಮೊದಲು ಇಡೀ ಊರಿಗೆ ಗೊತ್ತಾಗಿ ಕೊನೆಗೆ ಆ ಮನುಷ್ಯನಿಗೆ ಗೊತ್ತಾಗೋದು.

ವಾಪಸ್ ಬರೋ ಭಾನುವಾರ

ಬಹಳ ಜನ ಭಾನುವಾರ ಬರಲ್ಲ, ಬೇರೆ ದಿನ ಬಂದು ನೋಡ್ತಾರೆ. ನವೆಂಬರ್ 2ರಂದು ಸಮಾಧಿಗಳ ಆಶೀರ್ವಾದಕ್ಕೆ, ಸೆಪ್ಟೆಂಬರ್ 8ರ ಹೊಸ ತೆನೆ ಹಬ್ಬಕ್ಕೆ, ಡಿಸೆಂಬರ್ 3ಕ್ಕೆ ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬದ ಜನಜಂಗುಳಿಯಲ್ಲಿ. ಆ ದಿನ ಕಣ್ಣಿಟ್ಟಿರಿ. ಹತ್ರ ಹೋಗಿ ಮೇಣದಬತ್ತಿ ಹಚ್ಚೋಕೆ ಬೆಂಕಿ ಕೊಡಿ, ಅವರ ಅಪ್ಪ ಅಮ್ಮನ ಸಮಾಧಿ ಹತ್ರ ಒಂದು ನಿಮಿಷ ನಿಂತ್ಕೊಳ್ಳಿ, ಸಾಕು.

ಭಾನುವಾರ ಬರ್ತೀನಿ ಅಂದ್ರೆ ಗೇಟ್ ಹತ್ರ ಕಾಯಿರಿ, ಜೊತೆಗೆ ಒಳಗೆ ಹೋಗಿ, ಪಕ್ಕದಲ್ಲಿ ಕೂತ್ಕೊಳ್ಳಿ. ಕೂರೋದು ಏಳೋದು ಮರೆತಿರುತ್ತೆ, ಪ್ರಾರ್ಥನೆಯ ಮಾತುಗಳೂ ಕೆಲವು ಬದಲಾಗಿರುತ್ತೆ, ಪುಸ್ತಕ ಬಿಚ್ಚಿ ಬೆರಳಿಟ್ಟು ತೋರಿಸಿ. ಪೀಠದಿಂದ ಸ್ವಾಗತ ಹೇಳಿಸ್ಬೇಡಿ. ಎಲ್ಲಕ್ಕಿಂತ ಮುಖ್ಯ, ತಪ್ಪದೆ ಬರೋ ನಮ್ಮವರನ್ನ ಮುಂಚೆನೇ ರೆಡಿ ಮಾಡಿ, ಯಾಕಂದ್ರೆ ಲೂಕನ ಆ ಮೂರನೇ ಕಥೆಯಲ್ಲಿ ತಮ್ಮ ವಾಪಸ್ ಬಂದಾಗ ಮನೆ ಹೊರಗೆ ಸಿಟ್ಟಲ್ಲಿ ನಿಂತಿದ್ದು ದೊಡ್ಡ ಮಗ. "ಓ, ದಾರಿ ತಪ್ಪಿ ಬಂದ್ರಾ" ಅನ್ನೋ ಒಂದು ತಮಾಷೆ ಮಾತಿಂದ ವರ್ಷದ ಕೆಲಸ ಹೊಳೆಪಾಲಾಗಿದ್ದು ಉಂಟು.

ಪಾಪನಿವೇದನೆ (ಫಾದರ್ ಹತ್ರ ತಪ್ಪು ಒಪ್ಕೊಂಡು ಕ್ಷಮೆ ಕೇಳೋದು) ಮಾಡಿ ಇಪ್ಪತ್ತು ವರ್ಷ ಆಯ್ತು ಅಂತ ಹೆದರಿರ್ತಾರೆ. "ಫಾದರ್, ಬಹಳ ವರ್ಷ ಆಯ್ತು, ಹೇಗೆ ಮಾಡೋದು ಮರೆತಿದೆ, ಸಹಾಯ ಮಾಡಿ" ಅಂತ ಹೇಳಿದ್ರೆ ಸಾಕು ಅಂತ ಹೇಳಿಕೊಡಿ, ಉಳಿದದ್ದು ಅವರೇ ಕೇಳ್ತಾರೆ. ಅಲ್ಲಿ ಹೇಳಿದ ಮಾತು ಹೊರಗೆ ಬರೋ ಹಾಗೇ ಇಲ್ಲ, 983ನೇ ಕ್ಯಾನನ್ ಪ್ರಕಾರ ಯಾವ ಕಾರಣಕ್ಕೂ ಫಾದರ್ ಅದನ್ನ ಬಿಟ್ಟುಕೊಡೋ ಹಾಗಿಲ್ಲ. ಊರಿನ ಫಾದರ್ ಹತ್ರ ನಾಚಿಕೆ ಆದ್ರೆ ಬೇರೆ ಊರಲ್ಲಿ ಮಾಡ್ಬಹುದು. ಕುಮಟಾದವರು ಶಿರಸಿಗೆ ಹೋಗಿ ಮಾಡಿದ್ರೂ ಅದು ಪಾಪನಿವೇದನೆಯೇ.

ಒಂದೆರಡು ತಿಂಗಳಾದ್ಮೇಲೆ ಏನಾದ್ರೂ ಒಂದು ಸಣ್ಣ ಕೆಲಸ ಕೊಡಿ. ಹಬ್ಬದ ಅಡುಗೆಗೆ ತೆಂಗಿನಕಾಯಿ ತುರಿಯೋದು, ಕ್ರಿಸ್ಮಸ್ಸಿಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟೋದು, ಹೂವಿನ ಅಲಂಕಾರ. ಕೆಲಸ ಇದ್ದಲ್ಲಿ ಮನುಷ್ಯ ಬರ್ತಾನೆ.

ಬರಲ್ಲ ಅಂದವರು

ಕೆಲವರು ಸ್ಪಷ್ಟವಾಗಿ ಹೇಳ್ತಾರೆ, ನನಗೆ ನಂಬಿಕೆ ಇಲ್ಲ, ಬರಬೇಡಿ ಅಂತ. ಬರಬೇಡಿ ಅಂದ್ರೆ ಹೋಗ್ಬೇಡಿ, ಸುಮ್ನೆ ಬನ್ನಿ ಅಂದ್ರೆ ಸುಮ್ನೆ ಹೋಗಿ. ದಾರಿಯಲ್ಲಿ ಸಿಕ್ರೆ ಮೊದಲಿನ ಹಾಗೇ ಮಾತಾಡ್ಸಿ. ಅವರ ಮನೆಯಲ್ಲಿ ಕಾಯಿಲೆ, ಸಾವು ಆದ್ರೆ ಮೊದಲು ಹೋಗೋರು ನೀವೇ ಆಗಿರಿ. "ಹೀಗೇ ಇದ್ರೆ ನಾಳೆ ಸಿಮೆಟ್ರಿಯಲ್ಲಿ ಜಾಗ ಸಿಗಲ್ಲ" ಅನ್ನೋ ಮಾತು ಈಗ್ಲೂ ಕೆಲವರು ಆಡ್ತಾರೆ, ಆ ಬೆದರಿಕೆ ಯಾರ ಬಾಯಲ್ಲೂ ಬರ್ಬಾರದು, ಚರ್ಚಿಗೆ ಅಪರೂಪ ಆದ ಮಾತ್ರಕ್ಕೆ ಅಂತ್ಯಸಂಸ್ಕಾರ ನಿರಾಕರಿಸೋ ಕಾನೂನೂ ಇಲ್ಲ.

ಆ ಬಾಯಿ ವಾಪಸ್ ಬಂದಿದ್ದು ನಾನು ಮೊದಲು ಹೋಗಿ ಒಂದೂವರೆ ವರ್ಷ ಆದ್ಮೇಲೆ, ನವೆಂಬರ್ 2ಕ್ಕೆ, ಮಗಳ ಕೈ ಹಿಡ್ಕೊಂಡು. ಗಂಡನ ಸಮಾಧಿ ಮೇಲೆ ಹುಲ್ಲು ಬೆಳೆದಿತ್ತು, ನಾನು ಚಪ್ಪಲಿ ಬಿಟ್ಟು ಕೀಳೋಕೆ ಕೂತೆ, ಅವರೂ ಕೂತ್ರು. ಈಗ ನನ್ನ ನೋಟ್‌ಬುಕ್ಕಲ್ಲಿ ಹನ್ನೊಂದು ಮನೆ ಇದೆ, ಅದರಲ್ಲಿ ನಾಲ್ಕು ಮನೆಗೆ ಹೋಗೋದು ಆ ಬಾಯಿನೇ. ನನಗಿಂತ ಅವರಿಗೆ ಬೇಗ ಬಾಗ್ಲು ತೆಗೀತಾರೆ.